ತಾವು ನಗದೆ ನಗಿಸುವವರು: ಮಗಳಿಗೊಂದು ಪತ್ರ

ಕೋಥ್ರೂಡ್, ಪುಣೆ

ಚಿನ್ನವ್ವಾ,

ಕ್ರಿಸ್‌ಮಸ್ ರಜೆಗೆ ಗೆಳತಿಯರಿಬ್ಬರನ್ನು ಕರೆದುಕೊಂಡು ಬರುತ್ತೇನೆ, ಎಲ್ಲರೂ ಕೂತು ನೋಡುವಂಥ ತಮಾಷೆಯದ್ದು ಏನಾದರೂ ಹುಡುಕಿಡು ಅಂದಿದ್ದೆಯಲ್ಲ, ಆ ಕೆಲಸ ಮುಗಿಸಿದ್ದೇನೆ. ಸುಲಭವಿರಲಿಲ್ಲ ನೋಡು. ಧಾರವಾಡದಿಂದ ಆಯಿ ಆಗಲೇ ಬಂದಿದ್ದಾಳೆ, ಅವಳಿಗೆ ಕನ್ನಡ ಬಿಟ್ಟರೆ ತರಕಾರಿ ಚೌಕಾಸಿಗೆ ಬೇಕಾಗುವಷ್ಟು ಮರಾಠಿ. ಡೊಂಬಿವಲಿಯಿಂದ ಬರುವ ಕಾಕಾನ ಮಕ್ಕಳು ಕನಸನ್ನೂ ಮರಾಠಿಯಲ್ಲೇ ಕಾಣುತ್ತಾರೆ. ನಿನ್ನ ಗೆಳತಿಯರಲ್ಲಿ ಒಬ್ಬಳು ತಮಿಳಿನವಳು. ಅಪ್ಪನಂತೂ ದೀಪ ಆರಿಸಿದರೆ ಹತ್ತು ನಿಮಿಷಕ್ಕೆ ಗೊರಕೆ. ಹಾಗಾಗಿ ಮಾತು ಕಡಿಮೆ ಇರಬೇಕು, ಉದ್ದವಿರಬಾರದು, ನಡುವೆ ಚಹಾ ತರಲು ಎದ್ದುಹೋದವರಿಗೂ ಎಳೆ ತಪ್ಪಬಾರದು.

ಹುಡುಕುತ್ತ ಹೋದಂತೆ ನನ್ನ ಒಂದು ಅಭಿಪ್ರಾಯ ಗಟ್ಟಿಯಾಯಿತು. ನಗಿಸಲೆಂದೇ ತಯಾರಾದವು, ಅಂದರೆ ಕೆಂಪು ಟೊಪ್ಪಿಗೆಯ ನಾಯಿ, ಕೇಕಿನ ಮೇಲೆ ಬೀಳುವ ಕೂಸು, ಇವನ್ನೆಲ್ಲ ಎರಡನೇ ಸಲ ನೋಡಲಾಗುವುದಿಲ್ಲ. ಪೂಜೆಗೆ ಕೂತಷ್ಟು ಗಂಭೀರವಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅದನ್ನು ವರ್ಷ ವರ್ಷವೂ ನೋಡಬಹುದು. ನಮ್ಮ ಸಣ್ಣಾಟದ ಹಾಸ್ಯಗಾರನೂ ಹಾಗೆಯೇ, ತಾನು ನಕ್ಕನೆಂದರೆ ಆಟ ಕೆಟ್ಟಿತು.

ಮೊದಲಿಗೆ ‘ಡಿನ್ನರ್ ಫಾರ್ ಒನ್’. ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯುವಾಗ ನೀನೇ ಇದರ ಹೆಸರು ಹೇಳಿದ್ದೆ. 1963ರಲ್ಲಿ ಹ್ಯಾಂಬರ್ಗಿನಲ್ಲಿ ಜನರೆದುರು ಚಿತ್ರಿಸಿದ ಕಪ್ಪುಬಿಳುಪು ಆಟ, ಹದಿನೆಂಟು ನಿಮಿಷ. ಮಿಸ್ ಸೋಫಿಗೆ ತೊಂಬತ್ತನೇ ಹುಟ್ಟುಹಬ್ಬ. ಊಟಕ್ಕೆ ನಾಲ್ವರು ಹಳೆಯ ಗೆಳೆಯರು ಬರಬೇಕು, ಆದರೆ ನಾಲ್ವರೂ ತೀರಿಹೋಗಿ ಎಷ್ಟೋ ಕಾಲವಾಗಿದೆ. ಮುದುಕಿಗೆ ಅದು ಲೆಕ್ಕಕ್ಕೇ ಇಲ್ಲ. ನಾಲ್ಕು ಖಾಲಿ ಕುರ್ಚಿಗಳ ಮುಂದೆ ತಟ್ಟೆ ಇಡಿಸುತ್ತಾಳೆ, ಪ್ರತಿ ಸಲ ಬಡಿಸಿದಾಗಲೂ ಬೇರೆ ಮದ್ಯ ಸುರಿಸುತ್ತಾಳೆ. ಬಟ್ಲರ್ ಜೇಮ್ಸ್ ಆ ನಾಲ್ವರ ಪರವಾಗಿ ಒಬ್ಬನೇ ಕುಡಿಯುತ್ತ, ಅವರವರ ದನಿಯಲ್ಲಿ ಅವಳಿಗೆ ಶುಭ ಕೋರಬೇಕು. ಸೂಪಿಗೊಂದು, ಮೀನಿಗೊಂದು, ಕೋಳಿಗೊಂದು, ಹಣ್ಣಿಗೊಂದು. ಅಂದರೆ ಒಟ್ಟು ಎಷ್ಟು ಲೋಟ ಎಂದು ನೀನೇ ಗುಣಿಸಿಕೋ. ನೆಲದ ಮೇಲೆ ತಲೆಸಮೇತ ಹುಲಿಯ ಚರ್ಮ ಹಾಸಿದೆ, ಹೋಗುವಾಗ ಬರುವಾಗ ಅವನ ಕಾಲು ಆ ತಲೆಗೇ ತಾಗುತ್ತದೆ. ಒಮ್ಮೆ ಮಾತ್ರ ತಾಗುವುದಿಲ್ಲ, ಆಗ ಅವನು ನಿಂತು ಹುಲಿಯನ್ನು ನೋಡುವ ನೋಟವಿದೆಯಲ್ಲ, ಆಯಿ ಅಲ್ಲಿ ಕಣ್ಣೊರೆಸಿಕೊಂಡಳು. ಇಂಗ್ಲಿಷಿನ ಒಂದಕ್ಷರ ಬರದಿದ್ದರೂ!

ಜೇಮ್ಸ್ ಆಗಿ ನಟಿಸಿದ ಫ್ರೆಡ್ಡಿ ಫ್ರಿಂಟನ್ ಇಂಗ್ಲೆಂಡಿನವನು. ಅಲ್ಲಿನ ರಂಗಭೂಮಿಯಲ್ಲಿ ಈ ಪ್ರಹಸನವನ್ನು ವರ್ಷಗಟ್ಟಲೆ ಆಡಿದ್ದ. ಅದು ಹಬ್ಬವಾದದ್ದು ಮಾತ್ರ ಜರ್ಮನಿಯಲ್ಲಿ. 1972ರಿಂದ ಅಲ್ಲಿ ಡಿಸೆಂಬರ್ 31ರ ಸಂಜೆ ಇದಕ್ಕೇ ಮೀಸಲು, ಅದೂ ಇಂಗ್ಲಿಷಿನಲ್ಲೇ. ಫ್ರಿಂಟನ್ 1968ರಲ್ಲೇ ತೀರಿಕೊಂಡಿದ್ದ, ತಾನು ಒಂದು ದೇಶದ ಹೊಸವರ್ಷದ ಭಾಗವಾದದ್ದನ್ನು ಅವನು ನೋಡಲೇ ಇಲ್ಲ. ಊಟ ಶುರುವಾಗುವ ಆ ಮಲ್ಲಿಗಟಾನಿ ಸೂಪು ನಮ್ಮ ಕಡೆಯ ಮೆಣಸಿನ ಸಾರಿನ ದೂರದ ನೆಂಟ, ನಿನ್ನ ತಮಿಳು ಗೆಳತಿಗೆ ತಪ್ಪದೆ ಹೇಳು. ಕೊನೆಯಲ್ಲಿ ಅಜ್ಜಿ ಮಲಗಲು ಮಹಡಿ ಹತ್ತುವಾಗ ಜೇಮ್ಸ್ ಜೊತೆಗೆ ಒಂದು ಮಾತಾಗುತ್ತದೆ. ಅಪ್ಪ ಆ ಹೊತ್ತಿಗೆ ಸರಿಯಾಗಿ ಕಪ್ಪು ಬಸಿ ಎತ್ತಿಡಲು ಎದ್ದರು. ಮದುವೆಯಾದಾಗಿನಿಂದ ಅವರು ಕಪ್ಪು ಎತ್ತಿಟ್ಟಿದ್ದನ್ನು ನಾನು ನೋಡಿದವಳಲ್ಲ. ಆಯಿಗೆ ಅರ್ಥವಾಯಿತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಎರಡನೆಯದು ಹಬ್ಬದ್ದಲ್ಲ, ಏಪ್ರಿಲ್ ಒಂದರದ್ದು. ಇರಲಿ, ಪುಟ್ಟದು. 1957ರಲ್ಲಿ ಬಿಬಿಸಿಯವರು ‘ಪನೋರಮಾ’ ಎಂಬ ತಮ್ಮ ಗಂಭೀರ ಕಾರ್ಯಕ್ರಮದಲ್ಲಿ ಸ್ವಿಟ್ಜರ್ಲೆಂಡಿನ ಸ್ಪಗೆಟ್ಟಿ ಸುಗ್ಗಿ ತೋರಿಸಿದರು. ಹೆಂಗಸರು ಗಿಡಗಳಿಂದ ಎಳೆಎಳೆಯಾಗಿ ಸ್ಪಗೆಟ್ಟಿ ಬಿಡಿಸಿ ಬಿಸಿಲಿಗೆ ಹರವುತ್ತಾರೆ. ಈ ವರ್ಷ ಚಳಿ ಕಡಿಮೆ, ಹುಳುವಿನ ಕಾಟವೂ ಇಲ್ಲ, ಬೆಳೆ ಚೆನ್ನಾಗಿದೆ ಎಂದು ರಿಚರ್ಡ್ ಡಿಂಬಲ್‌ಬಿ ತನ್ನ ಘನಗಂಭೀರ ದನಿಯಲ್ಲಿ ಹೇಳುತ್ತಾನೆ. ಆಗ ಬ್ರಿಟನ್ನಿನವರಿಗೆ ಸ್ಪಗೆಟ್ಟಿ ಅಷ್ಟು ಪರಿಚಯದ ತಿಂಡಿಯಲ್ಲ, ಗಿಡ ಬೆಳೆಸುವುದು ಹೇಗೆ ಎಂದು ಫೋನ್ ಮಾಡಿ ಕೇಳಿದವರಿದ್ದರು. ಒಂದು ಎಳೆಯನ್ನು ಟೊಮ್ಯಾಟೊ ಸಾಸಿನ ಡಬ್ಬಿಯಲ್ಲಿ ನೆಟ್ಟು ದೇವರ ಮೇಲೆ ಭಾರ ಹಾಕಿ ಎಂಬಂಥ ಉತ್ತರ ಸಿಕ್ಕಿತಂತೆ. ಬೇಸಿಗೆಯಲ್ಲಿ ನಮ್ಮೂರಿನ ಮಾಳಿಗೆ ಮೇಲೆ ಕೋಲಿಗೆ ಶ್ಯಾವಿಗೆ ಇಳಿಬಿಟ್ಟಿರುತ್ತಾರಲ್ಲ, ನೋಡಲು ಥೇಟ್ ಹಾಗೇ ಇದೆ. ಆಯಿ ಸ್ವಲ್ಪವೂ ಮೋಸಹೋಗಲಿಲ್ಲ. “ಇವರಿಗೆ ಹೊಸಿಯಾಕ ಬರೂದಿಲ್ಲ, ಗಿಡದ ಮ್ಯಾಲೆ ಹಾಕ್ಯಾರ” ಅಂದಳು.

ಮೂರನೆಯದಕ್ಕೆ ವಿಡಿಯೋ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಸ್ವೀಡನ್ನಿನ ಯೆವ್ಲೆ ಎಂಬ ಊರಿನಲ್ಲಿ 1966ರಿಂದ ಕ್ರಿಸ್‌ಮಸ್‌ಗೆ ಹದಿಮೂರು ಮೀಟರ್ ಎತ್ತರದ ಹುಲ್ಲಿನ ಹೋತ ನಿಲ್ಲಿಸುತ್ತಾರೆ. ಸುಡಲು ಅಲ್ಲ, ನೋಡಲು. ಆದರೆ ಮೊದಲ ವರ್ಷವೇ ಡಿಸೆಂಬರ್ 31ರ ರಾತ್ರಿ ಯಾರೋ ಬೆಂಕಿ ಹಚ್ಚಿದರು, ಆಮೇಲೆ ಅದೇ ಚಟವಾಯಿತು. ಊರವರು ಕಾವಲು ಹಾಕಿದರು, ಬೇಲಿ ಕಟ್ಟಿದರು, ಕ್ಯಾಮೆರಾ ಇಟ್ಟರು. 1976ರಲ್ಲಿ ಕಾರು ಬಂದು ಗುದ್ದಿತು. 2005ರಲ್ಲಿ ಸಾಂತಾ ವೇಷದವನೊಬ್ಬ ಇನ್ನೊಬ್ಬ ವೇಷಧಾರಿಯ ಜೊತೆ ಬಂದು ಉರಿಯುವ ಬಾಣ ಬಿಟ್ಟ. 2016ರಲ್ಲಿ ಐವತ್ತರ ಸಂಭ್ರಮ ಶುರುವಾದ ದಿನವೇ ಸುಟ್ಟುಹೋಯಿತು. 2023ರಲ್ಲಿ ಬೆಂಕಿಯವರು ಸುಮ್ಮನಿದ್ದರೆ ಕಾಗೆ ಜಾತಿಯ ಹಕ್ಕಿಗಳು ಹಿಂಡುಹಿಂಡಾಗಿ ಬಂದು, ಹುಲ್ಲಿನಲ್ಲಿ ಉಳಿದಿದ್ದ ಕಾಳಿಗಾಗಿ ಹೋತನನ್ನೇ ಕುಕ್ಕಿದವು! ಕ್ಯಾಮೆರಾದ ನೇರ ದೃಶ್ಯ ನೆಟ್‌ನಲ್ಲಿ ಸಿಗುತ್ತದೆ. ಟಿವಿಯ ಒಂದು ಮೂಲೆಯಲ್ಲಿ ಹಾಕಿಟ್ಟು, ಈ ವರ್ಷ ಉಳಿಯುತ್ತದೋ ಇಲ್ಲವೋ ಎಂದು ಬಾಕರವಡಿ ಪಂದ್ಯ ಕಟ್ಟಬಹುದು. ಇದನ್ನು ಟಿವಿಗೆ ಹಾಕಿದ ಮೇಲೆ ಆಯಿ ಕಾಮಣ್ಣನ ಕಥೆ ತೆಗೆದಳು. ಯಾರ ಹಿತ್ತಲಿನಿಂದ ಕುಳ್ಳು ಕದ್ದರು, ಯಾರ ಮನೆಯ ಹಳೆಯ ಬಾಗಿಲೇ ಬೆಂಕಿಗೆ ಹೋಯಿತು, ಅದರಲ್ಲಿ ನನ್ನ ಸೋದರಮಾವನ ಕೈ ಎಷ್ಟಿತ್ತು, ಎಲ್ಲ ಹೊರಗೆ ಬಂತು. ನಿನ್ನ ಗೆಳತಿಯರಿಗೆ ಹೋತನಿಗಿಂತ ಅದೇ ರುಚಿಸೀತು, ಅನುವಾದದ ಜವಾಬ್ದಾರಿ ನಿನ್ನದು.

ಬೆಂಕಿಯ ಮಾತು ಬಂತೆಂದು ಇದೂ ಇರಲಿ. 2013ರಲ್ಲಿ ನಾರ್ವೆಯ ಸರಕಾರಿ ಟಿವಿಯವರು ಕಟ್ಟಿಗೆಯ ಬಗ್ಗೆಯೇ ಹನ್ನೆರಡು ಗಂಟೆ ಕಾರ್ಯಕ್ರಮ ಮಾಡಿದರು. ಅದರಲ್ಲಿ ಎಂಟು ಗಂಟೆ ಒಲೆ ಉರಿಯುವುದು ಮಾತ್ರ. ಜನ ಬೇಸತ್ತು ಟಿವಿ ಆರಿಸಿರಬೇಕು ಎಂದುಕೊಂಡೆಯಾ? ತೊಗಟೆ ಮೇಲಾಗಿ ಇಟ್ಟದ್ದು ತಪ್ಪು ಎಂದು ಅರ್ಧ ದೂರುಗಳು, ಕೆಳಗಾಗಿ ಇಟ್ಟದ್ದು ತಪ್ಪು ಎಂದು ಇನ್ನರ್ಧ. ನಾವು ಕಾಲು ಗಂಟೆ ನೋಡಿದೆವು. “ಅಷ್ಟ್ ದಪ್ಪ ಕಟ್ಟಿಗಿ ಒಮ್ಮೆಲೇ ಇಟ್ರ ಎಲ್ಲಿ ಹತ್ತೀತು” ಎಂದು ಆಯಿ ಟಿವಿಗೆ ಬೈದಳು, ಅಪ್ಪ ಗಾಳಿ ಆಡುವ ಲೆಕ್ಕ ಹೇಳಿದರು, ಜಗಳವೇ ಆಯಿತು. ಅದೇ ಟಿವಿಯವರು 2009ರಲ್ಲಿ ಬೆರ್ಗೆನ್‌ನಿಂದ ಓಸ್ಲೋವರೆಗಿನ ರೈಲು ಪ್ರಯಾಣವನ್ನು ಇಡಿಯಾಗಿ, ಏಳು ಗಂಟೆಗೂ ಹೆಚ್ಚು ಹೊತ್ತು ತೋರಿಸಿದ್ದಾರೆ. ಸುರಂಗ ಬಂದಾಗಲೆಲ್ಲ ಹಳೆಯ ಚಿತ್ರಗಳನ್ನು ಹಾಕುತ್ತಾರೆ. ಅದನ್ನು ಮಾತ್ರ ಸಂಜೆಯ ಕೂಟಕ್ಕೆ ಹಾಕಬೇಡ, ಮಿರ್ಚಿ ಕರಿಯುವಾಗ ಹಿಂದೆ ಓಡುತ್ತಿರಲಿ. ಪುಣೆ–ಹುಬ್ಬಳ್ಳಿ ಗಾಡಿಯಲ್ಲಿ ಕಿಟಕಿ ಸಿಗದವರಿಗೆ ಅದು ಪರಮಾನಂದ.

1978ರ ‘ಸ್ಟಾರ್ ವಾರ್ಸ್’ ಹಬ್ಬದ ವಿಶೇಷವನ್ನು ನಿನ್ನ ತಮ್ಮ ಶಿಫಾರಸು ಮಾಡಿದ. ಅಮೆರಿಕದ ಟಿವಿಯಲ್ಲಿ ಒಂದೇ ಸಲ ಬಂದು ಮಾಯವಾದದ್ದಂತೆ, ಜನ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್‌ಗಳಿಂದ ಬದುಕಿಕೊಂಡಿದೆ. ಆರಂಭದಲ್ಲಿ ಮೈತುಂಬ ಕೂದಲಿನ ಕುಟುಂಬವೊಂದು ತಮ್ಮ ಭಾಷೆಯಲ್ಲಿ ಗುರ್ ಗುರ್ ಎನ್ನುತ್ತ ಮನೆಗೆಲಸ ಮಾಡುತ್ತದೆ, ಕೆಳಗೆ ಅರ್ಥವನ್ನೂ ಬರೆದಿಲ್ಲ. ಅಷ್ಟು ನೋಡಿ ನಿಲ್ಲಿಸು. ಮುಂದಿನದನ್ನು ನೋಡುವಷ್ಟು ಹೊತ್ತು ಯಾರ ಬಳಿಯೂ ಇಲ್ಲ.

ಕೊನೆಗೆ ಅಪ್ಪನ ಕಿಲ್ಲಾ ವಿಡಿಯೋ. ದೀಪಾವಳಿಗೆ ಸೊಸೈಟಿ ಹುಡುಗರು ಕಲ್ಲು, ಗೋಣಿತಟ್ಟು, ಮಣ್ಣು ಸೇರಿಸಿ ಕಟ್ಟಿ, ಕಸಬಾ ಪೇಠೆಯ ಕುಂಭಾರವಾಡೆಯಿಂದ ಮಾವಳೆಗಳ, ಅಂದರೆ ಶಿವಾಜಿಯ ಸೈನಿಕರ, ಗೊಂಬೆ ತಂದು ನಿಲ್ಲಿಸಿದ್ದರಲ್ಲ, ಆ ಕಿಲ್ಲಾ. ಅಪ್ಪ ದೂರದರ್ಶನದ ವಾರ್ತೆ ಓದುವವರ ದನಿಯಲ್ಲಿ 1670, ಸಿಂಹಗಡ, ತಾನಾಜಿ ಮಾಲುಸರೆ ಎಂದು ವಿವರಿಸುತ್ತಿರುವಾಗ ಕೆಳಮನೆಯವರ ಬೆಕ್ಕು ಹಿಂದಿನಿಂದ ಬುರುಜು ಹತ್ತುತ್ತದೆ. ಒಬ್ಬೊಬ್ಬ ಮಾವಳೆಯನ್ನೂ ಮೂಸಿ ಬೀಳಿಸುತ್ತದೆ, ಗಡದ ನೆತ್ತಿಯಲ್ಲಿ ಮಲಗುತ್ತದೆ. ಅಪ್ಪನ ಕ್ಯಾಮೆರಾ ಅಲ್ಲಾಡುವುದಿಲ್ಲ, ದನಿ ನಡುಗುವುದಿಲ್ಲ. “ಕೋಟೆ ಕೈವಶವಾಯಿತು” ಎಂದೇ ಮುಗಿಸುತ್ತಾರೆ. ಅದರಲ್ಲಿ ನಗುವಂಥದ್ದು ಏನಿದೆ ಎಂದು ಅವರಿಗೆ ಇಂದಿಗೂ ತಿಳಿದಿಲ್ಲ, ಮಕ್ಕಳು ಇತಿಹಾಸ ಕಲಿಯಲಿ ಎಂದು ತಾವೇ ಹಾಕಲು ಹೇಳುತ್ತಿದ್ದಾರೆ. ನಿನ್ನ ಗೆಳತಿಯರಿಗೆ ಮೊದಲೇ ಎಚ್ಚರಿಕೆ ಕೊಟ್ಟಿರು, ಬೆಕ್ಕು ಬಂದಾಗ ಕಿಸಕ್ ಅನ್ನಬಾರದು. ಟಿವಿಗೆ ಹಚ್ಚುವ ಕೇಬಲ್ ನಿನ್ನ ಬಳಿಯೇ ಇದೆ, ಮರೆಯದೆ ತಾ.

ನಿನ್ನ,
ಅವ್ವ