ವೆಲ್ಡಿಂಗ್ ಹುಡುಗರಿಗೆ ಹತ್ತಿ ಬಟ್ಟೆಯನ್ನೇ ಕೊಡಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದಿತ್ತು. ಊರಿನ ಸಂಘಟನೆಯೊಂದು ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರಿಗೆ ನೀಲಿ ಬಾಯ್ಲರ್ ಸೂಟುಗಳನ್ನು (ಅಂಗಿ, ಪ್ಯಾಂಟು ಒಂದಾಗಿರುವ ಕೆಲಸದ ಉಡುಪು) ಉಚಿತವಾಗಿ ಹಂಚಿದ ಸಮಾರಂಭದ ಚಿತ್ರ ಅದು. ಸಾಲಾಗಿ ನಿಂತಿದ್ದವರಲ್ಲಿ ಇಬ್ಬರು ನನ್ನ ಗ್ಯಾರೇಜಿನ ಹುಡುಗರು. ಹಂಚಿದವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರುದಿನ ಬೆಳಿಗ್ಗೆ ಅದೇ ಸೂಟು ತೊಟ್ಟು ವೆಲ್ಡಿಂಗ್ ಹೋಲ್ಡರ್ ಹಿಡಿಯಲು ಹೊರಟ ಹುಡುಗನನ್ನು ನಾನು ತಡೆಯಬೇಕಾಯಿತು. ಒಳಮಡಿಕೆಯಿಂದ ನಾಲ್ಕು ಎಳೆ ಬಿಡಿಸಿ ಬೆಂಕಿಕಡ್ಡಿ ತಾಗಿಸಿದೆ. ಎಳೆಗಳು ಮೊದಲು ಮುದುಡಿಕೊಂಡವು, ಆಮೇಲೆ ಕರಗಿ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಗುಂಡು ಕಟ್ಟಿತು. ಆರಿದ ಮೇಲೆ ಉಗುರಿನಿಂದ ಒತ್ತಿದರೂ ಆ ಗುಂಡು ಒಡೆಯಲಿಲ್ಲ. ಬಟ್ಟೆಯಲ್ಲಿ ಹೆಚ್ಚಿನ ಪಾಲು ಪಾಲಿಯೆಸ್ಟರ್.

ಈ ಪರೀಕ್ಷೆಯನ್ನು ನನಗೆ ಹೇಳಿಕೊಟ್ಟವರು ನನ್ನ ತಂದೆ. ಅವರು ಇಲ್ಲಿಯ ಹತ್ತಿ ಗಿರಣಿಯಲ್ಲಿ ದುಡಿದವರು. ಅಪ್ಪಟ ಹತ್ತಿಯಾದರೆ ಎಳೆ ಕಾಗದದ ವಾಸನೆ ಬೀರುತ್ತಾ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಗುಂಡು ಕಟ್ಟಿದರೆ ಅದರಲ್ಲಿ ಬೆರಕೆ ಇದೆ ಎಂದೇ ಅರ್ಥ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯಲ್ಲಿ ಇಂದು ಕೆಲಸದವರ ಬಟ್ಟೆ ಕೇಳಿದರೆ ಅಂಗಡಿಯವರು ಮೊದಲು ಎಳೆದು ಹಾಸುವುದು ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಟೆರಿಕಾಟನ್ನೇ. ಇದು ನನ್ನನ್ನು ನೋಯಿಸುತ್ತದೆ.

ನಾನು 31 ವರ್ಷಗಳಿಂದ ಲಾರಿ, ಕಾರುಗಳ ಟಿಂಕರಿಂಗ್ ಮತ್ತು ವೆಲ್ಡಿಂಗ್ ಕೆಲಸ ನಡೆಸುತ್ತಿದ್ದೇನೆ. 2016ರಲ್ಲಿ ನನ್ನ ಗ್ಯಾರೇಜಿನಲ್ಲೇ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ಸೈಲೆನ್ಸರ್ ಬ್ರಾಕೆಟ್ಟಿಗೆ ವೆಲ್ಡ್ ಹೊಡೆಯುತ್ತಿದ್ದ. ಸೆಕೆಗೆ ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದ. ಕರಗಿದ ಲೋಹದ ಒಂದು ಹನಿ ಆ ಮಡಿಕೆಯೊಳಗೆ ಬಿದ್ದು ಅಲ್ಲೇ ಕುಳಿತಿತು. ಅವನ ಕೂಗು ಕೇಳಿ ಕಾಲು ಹಿಡಿದು ಹೊರಗೆಳೆದೆವು. ನೋಡಿದರೆ ಬಟ್ಟೆ ಬೆಲ್ಲದ ಪಾಕದಂತೆ ಕರಗಿ ಅವನ ಚರ್ಮಕ್ಕೆ ಅಂಟಿತ್ತು. ಗಾಬರಿಯಲ್ಲಿ ನಾನು ಅದನ್ನು ಹಿಡಿದು ಕಿತ್ತೆ. ಬಟ್ಟೆಯ ಜೊತೆಗೆ ಚರ್ಮವೂ ಎದ್ದು ಬಂತು. ಅಂಟಿದ ಬಟ್ಟೆಯನ್ನು ಎಂದಿಗೂ ಕೀಳಬಾರದು, ಸುಟ್ಟ ಭಾಗವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ಹಾಗೆಯೇ ಕರೆತರಬೇಕಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ಆ ಸೂಟನ್ನು ಕೊಡಿಸಿದವನು ನಾನೇ. ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಹೋಗುವುದಿಲ್ಲ ಎಂಬ ಅಂಗಡಿಯವರ ಮಾತು ಕೇಳಿ ತಂದಿದ್ದೆ. ಅಪ್ಪ ಕಲಿಸಿದ್ದ ಪರೀಕ್ಷೆಯನ್ನು ಆ ದಿನ ಮಾಡಿರಲಿಲ್ಲ.

ಲೆಕ್ಕ ಸರಳವಾಗಿದೆ. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ವೆಲ್ಡಿಂಗಿನಿಂದ ಸಿಡಿಯುವುದು ಕರಗಿದ ಉಕ್ಕು, ಅದು ಕರಗುವುದೇ 1,500 ಡಿಗ್ರಿಯ ಆಸುಪಾಸಿನಲ್ಲಿ. ಹತ್ತಿ ಕರಗುವುದಿಲ್ಲ. ಕಿಡಿ ಬಿದ್ದ ಕಡೆ ಕಪ್ಪು ಅಂಚಿನ ತೂತಾಗುತ್ತದೆ, ಹೊಗೆಯಾಡುತ್ತದೆ, ಕೈಗವಸಿನಿಂದ ತಟ್ಟಿ ಆರಿಸಲು ಸಮಯ ಸಿಗುತ್ತದೆ. ಟೆರಿಕಾಟಿನಲ್ಲಿ ಹತ್ತಿಯೂ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಬೆರಕೆಯಲ್ಲಿರುವ ತೊಂದರೆಯೇ ಅದು: ಹತ್ತಿ ಬತ್ತಿಯಾಗುತ್ತದೆ, ಪಾಲಿಯೆಸ್ಟರ್ ಎಣ್ಣೆಯಾಗುತ್ತದೆ. ಹಾಗೆಂದು ಹತ್ತಿಗೆ ಬೆಂಕಿ ಹತ್ತುವುದೇ ಇಲ್ಲವೆಂದು ಯಾರೂ ತಿಳಿಯಬಾರದು. ಗ್ರೀಸು, ಡೀಸೆಲ್ ಕುಡಿದ ಹತ್ತಿ ಸೂಟು ದೀಪದ ಬತ್ತಿಗಿಂತ ಬೇರೆಯಲ್ಲ. ಅದಕ್ಕೇ ನನ್ನಲ್ಲಿ ವೆಲ್ಡಿಂಗಿನ ಸೂಟನ್ನು ತೊಟ್ಟು ಯಾರೂ ಎಂಜಿನ್ ಬಿಚ್ಚುವಂತಿಲ್ಲ.

ಎಂಜಿನ್, ಬ್ರೇಕ್, ಸರ್ವಿಸಿಂಗ್ ಕೆಲಸದವರಿಗೆ ಟೆರಿಕಾಟ್ ಸೂಟು ತಪ್ಪೇನಲ್ಲ, ಉಜ್ಜಾಟಕ್ಕೆ ಅದು ಹತ್ತಿಗಿಂತ ಹೆಚ್ಚು ಬಾಳುತ್ತದೆ. ಬ್ಯಾಟರಿ ಕೆಲಸದಲ್ಲಂತೂ ಹತ್ತಿಯೇ ಸೋಲುತ್ತದೆ. ಆಸಿಡ್ ತಾಗಿದ್ದು ಅಂದು ಗೊತ್ತಾಗುವುದಿಲ್ಲ, ಎರಡು ಸಲ ಒಗೆದ ಮೇಲೆ ಜರಡಿಯಂತೆ ತೂತುಗಳು ಕಾಣಿಸುತ್ತವೆ. ಅಲ್ಲಿ ಮೇಲೊಂದು ರಬ್ಬರ್ ಏಪ್ರನ್ ಬೇಕು. ಒಂದೇ ಸೂಟು ಎಲ್ಲ ಕೆಲಸಕ್ಕೂ ಆಗುತ್ತದೆ ಎಂದು ನಂಬುವುದರಿಂದಲೇ ಎಡವಟ್ಟಾಗುತ್ತಿದೆ.

2016ರ ನಂತರ ನಾನು ಸಿದ್ಧ ಸೂಟುಗಳನ್ನು ಕೊಳ್ಳುವುದನ್ನೇ ಬಿಟ್ಟು, ಬಟ್ಟೆ ತಂದು ಹೊಲಿಸುತ್ತಿದ್ದೇನೆ. ಓರೆ ಗೆರೆಯ ನೇಯ್ಗೆಯ ದಪ್ಪ ಹತ್ತಿ ಡ್ರಿಲ್, ಚದರ ಮೀಟರಿಗೆ 300 ಗ್ರಾಂಗಿಂತ ಕಡಿಮೆ ತೂಗಬಾರದು. ತೂಕ ಬರೆದಿರದಿದ್ದರೆ ಬಟ್ಟೆಯನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ, ಬೆಳಕು ಜಿನುಗಿದರೆ ಬೇಡ. ವೆಲ್ಡಿಂಗಿನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ತೆಳು ಬಟ್ಟೆಯನ್ನು ದಾಟಿ ಚರ್ಮ ಸುಡುತ್ತವೆ. ಕತ್ತರಿಸುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ, ಬಗ್ಗಿದಾಗ ಕಾಲು ಮೇಲೆ ಸರಿದು ಕಣಕಾಲು ಬಯಲಾಗುತ್ತದೆ.

ನಮ್ಮ ದರ್ಜಿಗೆ ಮೊದಲ ಸಲ ಹೇಳುವಾಗ ಅವರು ನನ್ನನ್ನು ವಿಚಿತ್ರವಾಗಿ ನೋಡಿದ್ದರು. ಜೇಬುಗಳಿಗೆ ಮುಚ್ಚಳ ಇರಲಿ, ಇಲ್ಲವಾದರೆ ಕಿಡಿ ನೇರ ಜೇಬಿಗಿಳಿಯುತ್ತದೆ ಎಂದೆ. ಪ್ಯಾಂಟಿನ ತುದಿಯನ್ನು ಹೊರಕ್ಕೆ ಮಡಚಬೇಡಿ, ಬೂಟಿನ ಮೇಲೆ ಇಳಿಯುವಷ್ಟು ಉದ್ದವಿರಲಿ ಎಂದೆ. ಗುಂಡಿ, ಜಿಪ್ಪುಗಳ ಮೇಲೆ ಪೂರ್ತಿ ಪಟ್ಟಿ ಬರಬೇಕು. ಕಿಡಿ ಒಳಹೋಗದಿರಲು ಒಂದು, ಬಗ್ಗಿ ಕೆಲಸ ಮಾಡುವಾಗ ಗಿರಾಕಿಯ ಕಾರಿನ ಬಣ್ಣಕ್ಕೆ ಗೀರು ಬೀಳದಿರಲು ಇನ್ನೊಂದು. ಮೆಕ್ಯಾನಿಕ್ಕಿನ ಸೂಟು ಎಲ್ಲಕ್ಕಿಂತ ಮೊದಲು ಹರಿಯುವುದು ತೊಡೆಸಂದಿಯಲ್ಲಿ, ದಿನವಿಡೀ ಕುಕ್ಕರುಗಾಲಿನಲ್ಲಿ ಕೂರುತ್ತಾನಲ್ಲ. ಅಲ್ಲಿ ನಾಲ್ಕು ಹೊಲಿಗೆಗಳು ಒಂದೇ ಕಡೆ ಕೂಡದಂತೆ ಚೌಕದ ತುಂಡೊಂದನ್ನು ಸೇರಿಸಿ ಹೊಲಿದರೆ ಸೂಟಿನ ಆಯುಷ್ಯವೇ ಬೇರೆ. ಮೊಣಕಾಲಿಗೆ ಎರಡು ಪದರ, ಭುಜದ ಹಿಂದೆ ಎರಡು ನೆರಿಗೆ, ಮಣಿಕಟ್ಟಿಗೆ ಬಿಗಿಯಾದ ಗುಂಡಿ. ತೋಳು ಜೋಲಾಡಿದರೆ ಫ್ಯಾನ್ ಬೆಲ್ಟು ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಇನ್ನು ದಾರ. ಎಲ್ಲರೂ ಮರೆಯುವುದು ದಾರವನ್ನೇ. ಬಟ್ಟೆ ಹತ್ತಿಯದಾಗಿ ದಾರ ಪಾಲಿಯೆಸ್ಟರಿನದಾದರೆ ಕಿಡಿ ತಾಗಿದ ಕಡೆ ದಾರ ಕರಗಿ ಹೊಲಿಗೆಯೇ ಬಾಯಿ ಬಿಡುತ್ತದೆ. ಹಾಗಾಗಿ ದಾರವೂ ಹತ್ತಿಯದೇ ಇರಬೇಕು ಎಂದು ಪಟ್ಟು ಹಿಡಿದೆ.

ಹೀಗೆ ಹೊಲಿಸಿದ ಸೂಟೊಂದಕ್ಕೆ ಕಳೆದ ವರ್ಷ ನನಗೆ ಬಟ್ಟೆ, ಕೂಲಿ ಸೇರಿ 1,400 ರೂಪಾಯಿ ಬಿತ್ತು. ಅಂಗಡಿಯ ಟೆರಿಕಾಟ್ ಸೂಟು ಅದರ ಅರ್ಧ ಬೆಲೆಗೆ ಸಿಗುತ್ತದೆ. ಸಣ್ಣ ಗ್ಯಾರೇಜಿನವರಿಗೆ ಇದು ಹೊರೆ ಎಂದು ನನಗೂ ಗೊತ್ತು. ಆ ಹುಡುಗನ ಕೈಗೆ ನಾಲ್ಕು ವಾರ ಬ್ಯಾಂಡೇಜ್ ಕಟ್ಟಿಸಿದ ಲೆಕ್ಕವೂ ನನ್ನ ಪುಸ್ತಕದಲ್ಲಿದೆ.

ತಲೆಯ ಮೇಲಿನ ವೆಲ್ಡಿಂಗ್ ಮತ್ತು ಗ್ಯಾಸ್ ಕಟಿಂಗ್ ಮಾಡುವವರಿಗೆ ಇದೂ ಸಾಲದು. ಸೂಟಿನ ಮೇಲೆ ಕ್ರೋಮ್ ಚರ್ಮದ ಏಪ್ರನ್ನು, ತೋಳುಚೀಲ ಬೇಕು. ಬೆಂಕಿ ತಡೆಯುವಂತೆ ಸಂಸ್ಕರಿಸಿದ ಹತ್ತಿ ಬಟ್ಟೆಯೂ ಸಿಗುತ್ತದೆ. ಕೊಳ್ಳುವಾಗ ಐಎಸ್‌ಒ 11611 ಎಂಬ ಗುರುತು ನೋಡಿ, ಅದು ವೆಲ್ಡಿಂಗ್ ಉಡುಪಿನ ಅಂತರರಾಷ್ಟ್ರೀಯ ಮಾನದಂಡ, ಅದರಲ್ಲಿ 2ನೇ ದರ್ಜೆ ಹೆಚ್ಚು ಕಿಡಿಯ ಕೆಲಸಕ್ಕೆ. ಅದನ್ನು ಒಗೆಯುವಾಗ ಬ್ಲೀಚ್ ಹಾಕಿದರೆ ತಡೆಯುವ ಗುಣ ಕೆಡುತ್ತದೆ.

ಬಟ್ಟೆಯ ಮಾತು ಬಂದಾಗ ಇನ್ನೊಂದು ಅಭ್ಯಾಸವನ್ನು ಕೈಮುಗಿದು ಬಿಡಿಸಬೇಕಿದೆ. ಸಂಜೆ ಮನೆಗೆ ಹೊರಡುವಾಗ ಕೆಲವು ಹುಡುಗರು ಆಕ್ಸಿಜನ್ ಪೈಪನ್ನು ಮೈಮೇಲೆ ತಿರುಗಿಸಿ ಧೂಳು ಹೊಡೆದುಕೊಳ್ಳುತ್ತಾರೆ. ಆಕ್ಸಿಜನ್ ಬಟ್ಟೆಯ ಎಳೆಗಳ ನಡುವೆ ಉಳಿದುಕೊಳ್ಳುತ್ತದೆ. ಆಮೇಲೆ ಬೀಡಿಯ ಕಿಡಿಯೊಂದು ಸಾಕು, ಹತ್ತಿಯೇ ಇರಲಿ ಬೇರೇನೇ ಇರಲಿ, ಆರಿಸಲು ಅವಕಾಶ ಕೊಡದಂತೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಜೇಬಿನಲ್ಲಿ ಲೈಟರ್ ಇಟ್ಟುಕೊಂಡು ವೆಲ್ಡಿಂಗಿಗೆ ಕೂರುವುದೂ ಅಷ್ಟೇ ಅಪಾಯ.

ಬಟ್ಟೆ ಮಾರುವ ವರ್ತಕರಲ್ಲಿ ನನ್ನ ವಿನಂತಿ: ಬಾಯ್ಲರ್ ಸೂಟಿನ ಚೀಟಿಯಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು ಎಂದು ಕನ್ನಡದಲ್ಲಿ ಬರೆಯಿಸಿ, ವೆಲ್ಡಿಂಗಿಗೆ ಎಂದು ಕೇಳಿದವರಿಗೆ ಬೆರಕೆಯನ್ನು ಕೊಡಬೇಡಿ. ಐಟಿಐಗಳ ವೆಲ್ಡರ್ ವಿಭಾಗದ ಬೋಧಕರು ಮೊದಲ ವಾರದಲ್ಲೇ ಮಕ್ಕಳ ಕೈಯಿಂದ ಈ ಎಳೆ ಸುಡುವ ಪರೀಕ್ಷೆಯನ್ನು ಮಾಡಿಸಲಿ.

ಹಂಚಿದ ಸಂಘಟನೆಯ ಪದಾಧಿಕಾರಿಗಳು ಆಯುಧಪೂಜೆಗೆ ಇನ್ನಷ್ಟು ಗ್ಯಾರೇಜುಗಳಿಗೆ ಸೂಟು ಕೊಡುವುದಾಗಿ ಸಮಾರಂಭದಲ್ಲಿ ಹೇಳಿದ್ದಾರಂತೆ. ನಾವು ಗ್ಯಾರೇಜಿನವರೂ ಹುಡುಗರಿಗೆ ಹೊಸ ಬಟ್ಟೆ ಕೊಡಿಸುವುದು ಅದೇ ಹಬ್ಬಕ್ಕೆ. ಅಷ್ಟರೊಳಗೆ ಅವರು ಬಟ್ಟೆಯ ಮಾದರಿ ತಂದು ತೋರಿಸಿದರೆ ನಮ್ಮ ದರ್ಜಿಯನ್ನೂ ಕರೆಸಿ ಜೊತೆಗೆ ಕೂತು ನೋಡಲು ಸಿದ್ಧನಿದ್ದೇನೆ. ಈಗ ಬಂದಿರುವ ಎರಡು ನೀಲಿ ಸೂಟುಗಳನ್ನು ಎಂಜಿನ್ ಕೆಲಸಕ್ಕೆ ಇಟ್ಟಿದ್ದೇನೆ.

– ಗ್ಯಾರೇಜ್ ಮಾಲೀಕ, ದಾವಣಗೆರೆ