ಐದು ದಿನದ ಚೀಲ, ಐದು ವರ್ಷದ ಋಣ

ಹೋದ ವಾರ ಡಾಕ್ಟರು ನನ್ನ ರಕ್ತದ ಕ್ಯಾನ್ಸರಿನ ರಿಪೋರ್ಟ್ ನೋಡಿ, "ಐದು ವರ್ಷ ತುಂಬಿತಮ್ಮ. ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಲೆಕ್ಕ ಹಾಕಿದೆ. ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಹಲ್ಲಿನ ಡಾಕ್ಟರಿಗೆ. ಐದು ವರ್ಷದ ಹಿಂದಿನ ಮಾತು, ಒಂದು ತಿಂಗಳಿಂದ ನನಗೆ ವಿಪರೀತ ಸುಸ್ತು. ಕೆಲಸ ಜಾಸ್ತಿ ಆಗಿರಬೇಕು ಅಂತ ಸುಮ್ನೆ ಇದ್ದೆ. ಒಸಡು ಊದಿ, ಹಲ್ಲುಜ್ಜಿದಾಗಲೆಲ್ಲ ರಕ್ತ ಬರುತ್ತಿತ್ತು. ಕ್ಲೀನ್ ಮಾಡಿಸಿದರೆ ಸರಿಹೋಗುತ್ತೆ ಅಂದುಕೊಂಡು ಹೋದೆ. ಅವರು ಬಾಯಿ ನೋಡಿದರು, ಆಮೇಲೆ ಕೈಕಾಲು ತೋರಿಸಿ ಅಂದರು. ತೋಳಿನಲ್ಲಿ ಪೆಟ್ಟೇ ಬೀಳದೆ ಮೂಡಿದ ನೀಲಿ ಕಲೆ. ಕಾಲಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿಗಳು. "ಇವತ್ತು ನಿಮ್ಮ ಹಲ್ಲು ಮುಟ್ಟಲ್ಲ. ಇಲ್ಲಿಂದ ಸೀದಾ ಹೋಗಿ ರಕ್ತ ಪರೀಕ್ಷೆ ಮಾಡಿಸಿ" ಅಂದರು. ಅವತ್ತು ನನ್ನ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣ, 18,000 ಇತ್ತು. ಒಂದೂವರೆ ಲಕ್ಷದ ಮೇಲಿರಬೇಕು. ಅವರು ಸ್ಕೇಲಿಂಗ್ ಶುರು ಮಾಡಿದ್ದರೆ ರಕ್ತ ನಿಲ್ಲಿಸುವುದೇ ಕಷ್ಟವಾಗುತ್ತಿತ್ತು.

ಆಮೇಲೆ ಲ್ಯಾಬಿನವರು. ಬಿಳಿ ರಕ್ತಕಣ ವಿಪರೀತ ಜಾಸ್ತಿ, 62,000 ಅಂತ ಮೆಷಿನ್ ತೋರಿಸಿದಾಗ, ಅದನ್ನಷ್ಟೇ ಪ್ರಿಂಟ್ ತೆಗೆದು ಕೊಟ್ಟು ಕಳಿಸಬಹುದಿತ್ತು. ಅವರು ಒಂದು ಹನಿ ರಕ್ತವನ್ನು ಸ್ಲೈಡಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಿದರು. ಸಂಜೆ ಫೋನ್ ಬಂತು. "ಬೆಳಗಾಗಲಿ ಅಂತ ಕಾಯಬೇಡಿ, ಈ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ." ಆ ದನಿ ಈಗಲೂ ಕಿವಿಯಲ್ಲಿದೆ.

ಕಾಯಿಲೆಯ ಹೆಸರು ಅಕ್ಯೂಟ್ ಮೈಲಾಯ್ಡ್ ಲುಕೇಮಿಯಾ, ವೇಗವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್. ನಮ್ಮ ಮನೆಯವರು ಕೇಳಿದ ಮೊದಲ ಪ್ರಶ್ನೆ, "ಎಷ್ಟನೇ ಸ್ಟೇಜ್ ಡಾಕ್ಟ್ರೇ?" ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಇದಕ್ಕೆ ಗಡ್ಡೆ ಕ್ಯಾನ್ಸರಿನ ಹಾಗೆ ಒಂದು, ಎರಡು ಅಂತ ಸ್ಟೇಜ್ ಇಲ್ಲ ಅಂದರು. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಹುಟ್ಟಿದ ಎಳೆ ಕಣಗಳು ಬಲಿತು ರಕ್ತಕ್ಕೆ ಇಳಿಯಬೇಕು. ಈ ಕಾಯಿಲೆಯಲ್ಲಿ ಅವು ಬಲಿಯುವುದೇ ಇಲ್ಲ, ಬರೀ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಅವಕ್ಕೆ ಬ್ಲಾಸ್ಟ್ ಅಂತಾರೆ. ಅವು ಜಾಗವನ್ನೆಲ್ಲ ತುಂಬಿಕೊಂಡರೆ ಕೆಂಪು ಕಣಕ್ಕೂ ಜಾಗ ಇಲ್ಲ, ಪ್ಲೇಟ್‌ಲೆಟ್‌ಗೂ ಇಲ್ಲ. ಅದಕ್ಕೇ ಸುಸ್ತು, ಅದಕ್ಕೇ ರಕ್ತಸ್ರಾವ. ಸಾಮಾನ್ಯವಾಗಿ ಮಜ್ಜೆಯಲ್ಲಿ 20 ಪರ್ಸೆಂಟ್ ಬ್ಲಾಸ್ಟ್ ಇದ್ದರೆ ಸಾಕು, ಈ ಕಾಯಿಲೆ ಅನ್ನುತ್ತಾರೆ, ನನಗೆ 70 ಇತ್ತು. ಅಷ್ಟು ಬಿಡಿಸಿ ಹೇಳಿದ್ದಕ್ಕೆ ಆ ಡಾಕ್ಟರಿಗೆ ನಾನು ಋಣಿ. ಗೊತ್ತಾದ ಮೇಲೆ ಭಯ ಹೋಗಲಿಲ್ಲ. ಆದರೆ ಯಾವುದಕ್ಕೆ ಭಯಪಡಬೇಕು, ಯಾವುದಕ್ಕೆ ಬೇಡ ಅನ್ನುವುದು ತಿಳಿಯಿತು.

ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆದು ಜೀನ್ ಪರೀಕ್ಷೆಗೂ ಕಳಿಸಿದ್ದರು. ಎನ್‌ಪಿಎಂ1 ಜೀನಿನಲ್ಲಿ ಬದಲಾವಣೆ ಇದೆ, ಎಫ್‌ಎಲ್‌ಟಿ3 ಅನ್ನುವ ಇನ್ನೊಂದು ಜೀನ್ ಸರಿಯಾಗಿದೆ ಅಂತ ಬಂತು. ಇಂಥದ್ದು ಕೀಮೋಗೆ ಚೆನ್ನಾಗಿ ಬಗ್ಗುತ್ತೆ ಅಂದರು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನಗಾದ ಚಿಕಿತ್ಸೆಯನ್ನು ಬೇರೆಯವರಿಗೆ ಹೋಲಿಸಬೇಡಿ. ಪಕ್ಕದ ಹಾಸಿಗೆಯ ಹುಡುಗನಿಗೆ ಪ್ರೋಮೈಲೋಸೈಟಿಕ್ ಅನ್ನುವ ಬಗೆ. ಅವನಿಗೆ ವಿಟಮಿನ್ ಎ ಜಾತಿಯ ಮಾತ್ರೆ, ಜೊತೆಗೆ ಆರ್ಸೆನಿಕ್. ಎದುರಿನವರಿಗೆ ಲಿಂಫೋಬ್ಲಾಸ್ಟಿಕ್ ಅನ್ನುವ ಇನ್ನೊಂದು ಬಗೆ. ಅವರಿಗೆ ಬೆನ್ನಿಗೂ ಇಂಜೆಕ್ಷನ್, ಎರಡು ವರ್ಷಕ್ಕೂ ಜಾಸ್ತಿ ಔಷಧಿ. ಹೆಸರು ಒಂದೇ ಥರ ಕೇಳಿಸಿದರೂ ಕಾಯಿಲೆ ಬೇರೆ ಬೇರೆ.

ನನಗೆ ಏಳು ದಿನ, ಇಪ್ಪತ್ನಾಲ್ಕು ಗಂಟೆಯೂ ಸೈಟರಬಿನ್ ಅನ್ನುವ ಕೀಮೋ ಔಷಧಿಯ ಡ್ರಿಪ್. ಅದರಲ್ಲಿ ಮೂರು ದಿನ ಡಾನೊರುಬಿಸಿನ್, ಕಡುಕೆಂಪು ಬಣ್ಣದ್ದು. ಇದಕ್ಕೆ "ಸೆವೆನ್ ಪ್ಲಸ್ ತ್ರೀ" ಅಂತಾರೆ. 1970ರ ದಶಕದಿಂದ ನಡೆದುಬಂದಿರುವ ಕ್ರಮ. ಸೈಟರಬಿನ್ ಹುಟ್ಟಿದ್ದು ಕೆರಿಬಿಯನ್ ಕಡೆಯ ಸಮುದ್ರದ ಸ್ಪಂಜು ಅನ್ನುವ ಒಂದು ಜೀವಿಯಲ್ಲಿ ಸಿಕ್ಕ ವಸ್ತುವಿನ ಜಾಡು ಹಿಡಿದು. ಡಾನೊರುಬಿಸಿನ್ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದ. ಸಮುದ್ರದ ತಳದಲ್ಲೂ ಮಣ್ಣಿನಲ್ಲೂ ಹುಡುಕಿದ ಆ ಜನರಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ?

ಕೀಮೋ ಮುಗಿದ ಮೇಲಿನ ಮೂರು ವಾರ ಕಷ್ಟದ್ದು. ಕೆಟ್ಟ ಕಣದ ಜೊತೆ ಒಳ್ಳೆಯದೂ ಸಾಯುತ್ತವೆ. ಒಂದು ನಡುರಾತ್ರಿ ಜ್ವರ 101 ದಾಟಿತು. ಸಿಸ್ಟರ್ ರಕ್ತದ ಸ್ಯಾಂಪಲ್ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹಾಕಿದರು. ಸೋಂಕು ತಡೆಯುವ ಕಣಗಳೇ ಇಲ್ಲದ ಆ ಹೊತ್ತಿನಲ್ಲಿ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ನನ್ನ ದೊಡ್ಡ ಋಣ ಇರುವುದು ಆ ವಾರಗಳಲ್ಲೇ. ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗಿಳಿದಾಗಲೆಲ್ಲ ಒಂದು ಚೀಲ ಬರುತ್ತಿತ್ತು. ತಿಳಿ ಹಳದಿ ಬಣ್ಣ. ಬೆಳಕಿಗೆ ಹಿಡಿದರೆ ಒಳಗೆ ಸಣ್ಣಗೆ ಸುಳಿ ಸುಳಿಯಾಗಿ ಹೊಳೆಯುತ್ತೆ. ಮೇಲೆ ರಕ್ತದ ಗುಂಪು, ಕೊಟ್ಟ ದಿನ, ಮುಗಿಯುವ ದಿನ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದೇ ದಿನ ಇಡಬಹುದು. ಅದೂ ಫ್ರಿಜ್ಜಿನಲ್ಲಲ್ಲ, ಹೊರಗೆ, ಅಲುಗಾಡಿಸುತ್ತಲೇ ಇರಬೇಕು. ಅಂದರೆ ನನಗೆ ಬಂದ ಒಂದೊಂದು ಚೀಲವನ್ನೂ ಯಾರೋ ಅದೇ ವಾರ ಕೊಟ್ಟಿದ್ದರು. ನಾನು ಮಲಗಿ ಸೀಲಿಂಗ್ ನೋಡುತ್ತಿದ್ದಾಗ, ಯಾರೋ ಕೆಲಸ ಬಿಟ್ಟು ಬಂದು ಕೈ ಚಾಚಿ ಕೂತಿದ್ದರು. ನಮ್ಮ ಮನೆಯವರು ಡೈರಿಯಲ್ಲಿ ಬರೆದಿಟ್ಟ ಲೆಕ್ಕದ ಪ್ರಕಾರ ಎಲ್ಲ ಸೇರಿ 31 ಚೀಲ ಪ್ಲೇಟ್‌ಲೆಟ್, 14 ಚೀಲ ಕೆಂಪು ರಕ್ತ. ನೀವು ಯಾರೋ, ಎಲ್ಲಿದ್ದೀರೋ. ನಿಮ್ಮಿಂದ ನಾನಿದ್ದೇನೆ.

ತಿಂಗಳಾದ ಮೇಲೆ ಮಜ್ಜೆಯಲ್ಲಿ ಬ್ಲಾಸ್ಟ್ ಐದು ಪರ್ಸೆಂಟಿಗಿಂತ ಕಡಿಮೆ ಆಯಿತು. ರೆಮಿಷನ್, ಅಂದರೆ ಕಾಯಿಲೆ ಹತೋಟಿಗೆ ಬಂತು. ಅಲ್ಲಿಗೇ ನಿಲ್ಲಿಸಿದರೆ ತಿರುಗಿ ಬರುತ್ತೆ, ಅದಕ್ಕೆ ಸೈಟರಬಿನ್ನನ್ನೇ ಇನ್ನೂ ದೊಡ್ಡ ಡೋಸಿನಲ್ಲಿ ಮೂರು ಸುತ್ತು ಕೊಟ್ಟರು. ಆ ಡೋಸು ಕಣ್ಣಿಗೂ ತೊಂದರೆ ಕೊಡಬಹುದು, ಹಿಮ್ಮೆದುಳಿಗೂ. ಕಣ್ಣಿಗೆ ಹೊತ್ತುಹೊತ್ತಿಗೆ ಡ್ರಾಪ್ಸ್. ಮೆದುಳಿಗೆ ಒಂದು ನೋಟ್‌ಬುಕ್. ಪ್ರತಿ ಡೋಸಿಗೆ ಮುಂಚೆ ಸಿಸ್ಟರ್ ಬಂದು, "ಅಕ್ಕ, ಸಹಿ ಹಾಕಿ" ಅನ್ನುತ್ತಿದ್ದರು. ಕೈಬರಹ ಕೆಟ್ಟರೆ ಔಷಧಿ ನಿಲ್ಲಿಸಬೇಕು. ಎರಡನೇ ಸುತ್ತಿನ ಒಂದು ರಾತ್ರಿ ನನ್ನ ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಅವರು ಹಾಕಲು ತಂದಿದ್ದ ಡ್ರಿಪ್ ಪಕ್ಕಕ್ಕಿಟ್ಟರು. ಹಿಂದಿನ ಪುಟ ತಿರುಗಿಸಿ ಹೋಲಿಸಿ ನೋಡಿದರು. ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ ಅಂದರು. ಡಾಕ್ಟರನ್ನು ಎಬ್ಬಿಸಿ ಕರೆಸಿದರು. ನಿದ್ದೆಗಣ್ಣು ಅಷ್ಟೇ, ಬೇರೇನೂ ಆಗಿರಲಿಲ್ಲ. ಆದರೂ ಒಂದು ಅಕ್ಷರ ಜಾರಿದ್ದನ್ನು ಕಂಡರಲ್ವಾ! ಬ್ಯಾಂಕಿನಲ್ಲಿ ಸಹಿ ಹಾಕುವಾಗ ಈಗಲೂ ಆ ಸಿಸ್ಟರ್ ನೆನಪಾಗುತ್ತಾರೆ.

ನನ್ನ ತಂಗಿಗೂ ಹೇಳಬೇಕು. ಮಜ್ಜೆಯ ಕಸಿ ಬೇಕಾದರೆ ಇರಲಿ ಅಂತ, ಅವಳದು ನನಗೆ ಹೊಂದುತ್ತಾ ಅಂತ ನೋಡುವ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿದ್ದರು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳದು ಹೊಂದಿತು. ಕಸಿ ಬೇಕಾಗಲಿಲ್ಲ. ಆದರೂ ಅವಳು ಎರಡು ವರ್ಷ ಫೋನ್ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ನೀನು ಕೊಡದಿದ್ದದ್ದೂ ನನಗೆ ತಲುಪಿದೆ ಪುಟ್ಟಿ.

ಎದುರಿನ ಹಾಸಿಗೆಯ ಅಮ್ಮನೂ ನೆನಪಾಗುತ್ತಾರೆ. ಬಾಯಿ ಹುಣ್ಣಾಗಿ ನೀರು ನುಂಗಲೂ ಆಗದಿದ್ದಾಗ, ಎರಡು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲು ನೆನಪಿಸುತ್ತಿದ್ದವರು ಅವರೇ. ಅವರು ಮನೆಗೆ ಹೋಗಲಿಲ್ಲ. ಅವರ ಕಾಯಿಲೆ ತಿರುಗಿ ಬಂದಿತ್ತು.

ಲುಕೇಮಿಯಾ ಆದವರು ರಕ್ತ ಕೊಡುವ ಹಾಗಿಲ್ಲ. ಹಾಗಾಗಿ ಈ ಋಣ ನನ್ನ ಕೈಯಿಂದ ತೀರುವುದಿಲ್ಲ. ನನ್ನ ಮಗಳಿಗೆ ಆಗ ಹದಿನಾಲ್ಕು, ಈಗ ಹತ್ತೊಂಬತ್ತು. ಹೋದ ಸಲ ಪ್ಲೇಟ್‌ಲೆಟ್ ಕೊಡಲು ಹೋದಾಗ ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದ್ದರು. ಮೂರು ತಿಂಗಳು ಮಾತ್ರೆ ತಗೊಂಡು ನಿನ್ನೆ ಮತ್ತೆ ಹೋದಳು. ನಾನೂ ಪಕ್ಕದಲ್ಲೇ ಕೂತಿದ್ದೆ. ಒಂದೂವರೆ ಗಂಟೆ ಮೆಷಿನ್ ತಿರುಗಿತು, ತಿಳಿ ಹಳದಿ ಚೀಲ ನಿಧಾನಕ್ಕೆ ತುಂಬಿತು. ಗುಂಪು ಬರೆದರು, ದಿನಾಂಕ ಬರೆದರು. ಅವಳ ಹೆಸರು ಬರೆಯಲಿಲ್ಲ.