ಮಿಡಿ ಉಪ್ಪಿನಕಾಯಿ ಬಾಟಲಿಗೆ ಆಪೂಸಿನ ಚಿತ್ರ ಯಾಕೆ?

ಮಾನ್ಯ ಸಂಪಾದಕರೇ,

ಮಹಿಳಾ ಸಂಘಗಳಿಗೆ ‘ಬ್ರ್ಯಾಂಡಿಂಗ್’, ಅಂದರೆ ಸರಕಿಗೊಂದು ಗುರುತು ಕಟ್ಟುವ ತರಬೇತಿ ಕೊಟ್ಟ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಜೊತೆಗಿದ್ದ ಫೋಟೋದಲ್ಲಿ ಟೇಬಲ್ ಮೇಲೆ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಎಲ್ಲದಕ್ಕೂ ಹಸಿರು ಲೇಬಲ್, ಎಲ್ಲದರ ಮೇಲೂ ಅದೇ ಎಲೆ, ಅದೇ ಬಾಗಿದ ಅಕ್ಷರ. ಯಾವ ಬಾಟಲಿ ಯಾವ ಸಂಘದ್ದು ಅಂತ ಸಂಘದವರಿಗಾದರೂ ಗೊತ್ತಾಗಿರಬಹುದೇ? ತರಬೇತಿ ಕೊಟ್ಟವರು ಎಲ್ಲರಿಗೂ ಒಂದೇ ಡಿಸೈನ್ ಹಂಚಿದ್ದಾರೆ, ಅಷ್ಟೇ.

ನಾನು ಶಿರಸಿಯಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಮದುವೆ ಕಾಗದ, ಬಿಲ್ ಬುಕ್ಕಿನ ಕೆಲಸ ಕಡಿಮೆಯಾಗಿ ಈಗ ಲೇಬಲ್ಲೇ ಜಾಸ್ತಿ. ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಕೋಕಂ, ಹೀಗೆ ಮನೆಯಲ್ಲೇ ತಯಾರಿಸಿ ಮಾರುವವರು ನನ್ನ ಗಿರಾಕಿಗಳು. ಅವರಲ್ಲಿ ಹೆಚ್ಚಿನವರು ಇನ್ಯಾರದೋ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಬರುತ್ತಾರೆ. ‘ಇದೇ ಥರ ಮಾಡಿ, ಹೆಸರು ಮಾತ್ರ ನಮ್ಮದು ಹಾಕಿ’ ಅನ್ನುತ್ತಾರೆ. ಕೋರ್ಟು ಕಚೇರಿಯ ಮಾತು ಹಾಗಿರಲಿ, ವ್ಯಾಪಾರದ ಲೆಕ್ಕದಲ್ಲೂ ಇದು ನಷ್ಟ. ಗಿರಾಕಿ ದೊಡ್ಡ ಕಂಪನಿಯದು ಅಂದುಕೊಂಡು ಇವರ ಬಾಟಲಿ ಒಯ್ಯುತ್ತಾನೆ. ರುಚಿ ಹಿಡಿಸಿದರೆ ಮುಂದಿನ ಸಲ ಆ ದೊಡ್ಡ ಕಂಪನಿಯದನ್ನೇ ಕೇಳುತ್ತಾನೆ. ನಮ್ಮ ದುಡ್ಡಲ್ಲಿ ಅವರ ಜಾಹೀರಾತು ಆದಂತಾಯಿತು, ಅಲ್ವಾ?

ಸಿದ್ದಾಪುರದ ಕಡೆಯ ಒಬ್ಬರು ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಉಪ್ಪಿನಕಾಯಿಯ ಲೇಬಲ್ ಮಾಡಿಸಲು ಬಂದಿದ್ದರು. ಬಾಟಲಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಶಾಯಿ ವಾಸನೆಯ ನನ್ನ ಪ್ರೆಸ್ಸಿನಲ್ಲೂ ಜೀರಿಗೆಯ ಪರಿಮಳ ಗಮ್ ಅಂತ ಬಂತು. ‘ಜೀರಿಗೆ ಹಾಕಿದ್ದಲ್ಲ, ಮಿಡಿಯ ಪರಿಮಳವೇ ಹೀಗೆ. ನಮ್ಮ ಹೊಳೆಬದಿಯ ಮರದ್ದು, ಬೇರೆ ಮರದ್ದು ಒಂದೂ ಸೇರಿಸಿಲ್ಲ’ ಅಂದರು. ಸೊನೆ ಹಾರದ ಹಾಗೆ ತೊಟ್ಟು ಸಮೇತವೇ ಕೊಯ್ಯಬೇಕು, ನೆಲಕ್ಕೆ ಬಿದ್ದ ಮಿಡಿ ಬಳಸುವುದಿಲ್ಲ ಅಂತಲೂ ವಿವರಿಸಿದರು. ಆಮೇಲೆ ಮೊಬೈಲ್ ತೆಗೆದು, ಲೇಬಲ್ ಮೇಲೆ ಹಾಕಬೇಕಾದ ಚಿತ್ರ ತೋರಿಸಿದರು. ಇಂಟರ್ನೆಟ್ಟಿನಿಂದ ಇಳಿಸಿದ, ಹಳದಿ ಬಣ್ಣದ ಮಾಗಿದ ಆಪೂಸು ಹಣ್ಣು! ‘ಚೆಂದ ಕಾಣ್ತದೆ’ ಅಂತ ಕಾರಣ ಕೊಟ್ಟರು. ಹೊಳೆಬದಿ ಮರದ ಸುದ್ದಿ ಲೇಬಲ್ಲಿನಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮ ಕಡೆ ಮಿಡಿ ಮಾವಿಗೆ ಮರದಿಂದಲೇ ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಅಂತ ಹೆಸರು ಹಿಡಿದೇ ಕೇಳುವವರಿದ್ದಾರೆ. ಲೋಗೋ ಎಂಬುದು ಗೊತ್ತಿಲ್ಲದ ಕಾಲದಲ್ಲೇ ಒಂದೊಂದು ಮರ ಹೆಸರು ಮಾಡಿತ್ತು. ಯಾವ ಮರ, ಯಾವ ಊರು, ಯಾರು ಹಾಕಿದ್ದು ಅನ್ನುವುದು ಸಾಕಿತ್ತು. ನನ್ನ ದೂರು ಇಷ್ಟೇ. ಇದ್ದ ಗುರುತನ್ನು ಅಳಿಸಿ, ಮೇಲೊಂದು ಬಾಡಿಗೆ ಗುರುತು ಅಂಟಿಸುವುದನ್ನೇ ಈಗ ಬ್ರ್ಯಾಂಡಿಂಗ್ ಅಂತ ಕಲಿಸುತ್ತಿದ್ದಾರೆ.

ಮೈಸೂರು ಸ್ಯಾಂಡಲ್ ಸೋಪು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ ಗಂಧದೆಣ್ಣೆ ಕಾರ್ಖಾನೆಯಿಂದ ಶುರುವಾದ ಕಥೆ ಅದು. ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದ ಎಸ್.ಜಿ. ಶಾಸ್ತ್ರಿಯವರು ಸೋಪಿಗೆ ಮೊಟ್ಟೆಯಾಕಾರ ಕೊಟ್ಟರು. ಒಡವೆ ಇಡುವಂಥ ಪೆಟ್ಟಿಗೆ ಮಾಡಿಸಿದರು. ಮೇಲೆ ಶರಭ, ಆನೆಯ ತಲೆ, ಸಿಂಹದ ಮೈ. 2025ರಲ್ಲಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿದಾಗ ರಾಜ್ಯವೆಲ್ಲ ಜಗಳವಾಡಿತು. ಕನ್ನಡದವರೇ ಯಾಕಲ್ಲ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುದ್ರಕನಾಗಿ ನನಗೆ ಕಂಡದ್ದು ಬೇರೆ. ಆ ಸೋಪಿನ ಮುಖ ಯಾವ ತಾರೆಯೂ ಅಲ್ಲ, ಆ ಪೆಟ್ಟಿಗೆ ಮತ್ತು ಶರಭ. ತಾರೆಯರು ಬಂದು ಹೋಗುತ್ತಾರೆ.

ಸಣ್ಣವರಿಗೆ ಕಷ್ಟವಾಗುವುದು ಇಲ್ಲೇ, ಒಂದೇ ಥರ ಇರುವುದರಲ್ಲಿ. ಒಂದು ಸಲ ಉದ್ದ ಬಾಟಲಿ, ಹುಬ್ಬಳ್ಳಿಯಲ್ಲಿ ಅದು ಸಿಗದಿದ್ದರೆ ಮುಂದಿನ ಸಲ ಗಿಡ್ಡದ್ದು. ಮುಚ್ಚಳ ಕೆಂಪಿದ್ದದ್ದು ಬಿಳಿಯಾಗುತ್ತದೆ. ಬಾಟಲಿ ಬದಲಾದರೆ ಲೇಬಲ್ ಅಳತೆ ಬದಲು, ಅಕ್ಷರ ಒತ್ತೊತ್ತಾಗಿ ಕೂರುತ್ತದೆ. ಹೋದ ಸಲದ ಕಡುಗೆಂಪು ಈ ಸಲ ಇಟ್ಟಿಗೆ ಬಣ್ಣವಾಗುತ್ತದೆ, ಯಾಕೆಂದರೆ ಮೂಲ ಫೈಲೇ ಇರುವುದಿಲ್ಲ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ಮಸುಕು ಚಿತ್ರ ಕಳಿಸಿ ‘ಇದನ್ನೇ ಪ್ರಿಂಟ್ ಹಾಕಿ’ ಅನ್ನುತ್ತಾರೆ. (ನಮ್ಮ ಕಸುಬಿನವರಲ್ಲೂ ಕೆಲವರು ಫೈಲ್ ಕೊಡುವುದಿಲ್ಲ, ಗಿರಾಕಿ ಬೇರೆ ಕಡೆ ಹೋದಾನು ಅಂತ. ಕೇಳಿ ತಗೊಳ್ಳಿ, ದುಡ್ಡು ಕೊಟ್ಟವರು ನೀವು.) ಮೊದಲ ಸಲ ಸರಿಯಾಗಿ ಬಂದ ಒಂದು ಲೇಬಲ್ ಮನೆಯಲ್ಲಿ ತೆಗೆದಿಟ್ಟುಕೊಂಡರೆ, ಮುಂದೆ ಯಾವ ಪ್ರೆಸ್ಸಿಗೆ ಹೋದರೂ ‘ಈ ಕೆಂಪು ಬೇಕು’ ಅಂತ ತೋರಿಸಬಹುದು. ನಂದಿನಿ ಹಾಲಿಗೆ ಅಂಗಡಿಯಲ್ಲಿ ಜನ ‘ನೀಲಿ ಪ್ಯಾಕೆಟ್ ಕೊಡಿ’ ಅನ್ನುತ್ತಾರೆ, ಅದರ ಮೇಲೇನು ಬರೆದಿದೆ ಅಂತ ಓದುವುದಿಲ್ಲ. ಆ ನೀಲಿ ತಿಂಗಳಿಗೊಂದು ಥರ ಬದಲಾಗಿದ್ದರೆ ಹೀಗೆ ಕೇಳುತ್ತಿದ್ದರೇ?

ಇನ್ನು ಹೆಸರು. ಹತ್ತರಲ್ಲಿ ಏಳೆಂಟು ಮಂದಿಗೆ ‘ಮಲೆನಾಡು’ ಬೇಕು, ಇಲ್ಲವೇ ‘ಅಮ್ಮನ’ ಏನೋ ಒಂದು. ಕೇಳಲು ಹಿತವಾಗಿದೆ, ನಿಜ. ಆದರೆ ಸರಕಿನ ಹೆಸರು, ಊರು ಸೀಮೆಯ ಹೆಸರು ಬಿಟ್ಟು ಬೇರೇನೂ ಇಲ್ಲದ ಗುರುತನ್ನು ಟ್ರೇಡ್‌ಮಾರ್ಕ್ (ಒಬ್ಬರಿಗೇ ಸೇರಿದ ನೋಂದಾಯಿತ ಗುರುತು) ಮಾಡಿಕೊಡಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ಮಲೆನಾಡು ಉಪ್ಪಿನಕಾಯಿ’ ಅಂದರೆ ಅದು ಎಲ್ಲರದ್ದೂ ಹೌದು. ಮನೆತನದ ಹೆಸರೋ, ತೋಟದ ಹೆಸರೋ, ಬೇರೆ ಯಾರೂ ಇಡದ ಚಿಕ್ಕ ಹೆಸರೋ ಇದ್ದರೆ ನಿಲ್ಲುವ ಸಾಧ್ಯತೆ ಜಾಸ್ತಿ. ಸ್ವಂತ ಹೆಸರಲ್ಲಿ ವ್ಯಾಪಾರ ಮಾಡುವವರಿಗೆ ಮತ್ತು ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಪುಡಿ 30ನೆಯದು. ಸಿಕ್ಕಿದರೆ 10 ವರ್ಷ ಬಾಳಿಕೆ, ಆಮೇಲೆ ನವೀಕರಣ. ನೋಂದಣಿ ಆಗುವ ಮೊದಲೇ ವೃತ್ತದೊಳಗೆ ‘ಆರ್’ (ನೋಂದಣಿಯಾಗಿದೆ ಅನ್ನುವ ಗುರುತು) ಹಾಕಿಕೊಡಿ ಅನ್ನುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ನಾನು ಹಾಕುವುದಿಲ್ಲ. ಟ್ರೇಡ್‌ಮಾರ್ಕ್ ಅನ್ನುವುದರ ಚಿಕ್ಕ ರೂಪ ‘ಟಿಎಂ’ ಹಾಕಬಹುದು.

ಅಪ್ಪೆಮಿಡಿಗೆ ಜಿಐ (ಇಂಥ ಸೀಮೆಯದ್ದೇ ಸರಕು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿ ಎಷ್ಟೋ ವರ್ಷವಾಯಿತು. ಶಿರಸಿ ಅಡಿಕೆಗೂ 2019ರಲ್ಲಿ ಸಿಕ್ಕಿತು. ಆದರೆ ಜಿಐ ಇದೆ ಅಂದಮಾತ್ರಕ್ಕೆ ಯಾರು ಬೇಕಾದರೂ ಲೇಬಲ್ ಮೇಲೆ ಅದರ ಗುರುತು ಹಾಕುವ ಹಾಗಿಲ್ಲ. ಬೆಳೆಗಾರರು, ತಯಾರಕರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು. 2020ರಲ್ಲಿ ಅದರ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಹತ್ತೇ ರೂಪಾಯಿ! ನನ್ನ ಗಿರಾಕಿಗಳಲ್ಲಿ ಈ ವಿಷಯ ಗೊತ್ತಿದ್ದವರನ್ನು ನಾನಂತೂ ಕಂಡಿಲ್ಲ. ಲೋಗೋ ಡಿಸೈನಿಗೆ ಸಾವಿರಗಟ್ಟಲೆ ಕೊಟ್ಟವರು ಮಾತ್ರ ಬೇಕಾದಷ್ಟಿದ್ದಾರೆ.

ಟ್ರೇಡ್‌ಮಾರ್ಕ್ ಅರ್ಜಿ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಹಿಂದಿಯಲ್ಲಿ. ಕಚೇರಿ ಚೆನ್ನೈನಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಇದನ್ನೆಲ್ಲ ಒಬ್ಬರೇ ಮಾಡಿಕೊಳ್ಳಲಿ ಅಂದರೆ ಆಗುತ್ತದೆಯೇ? ಆದ್ದರಿಂದ ತರಬೇತಿ ನಡೆಸುವ ಇಲಾಖೆಯವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಡಿಸೈನ್ ಹಂಚುವುದು ಬಿಡಿ. ಮಿಡಿ ಸೀಸನ್ನಿಗೆ ಮೊದಲೇ ಅರ್ಧ ದಿನ ಇಟ್ಟು, ಕನ್ನಡ ಬಲ್ಲ ಟ್ರೇಡ್‌ಮಾರ್ಕ್ ಏಜೆಂಟರೊಬ್ಬರನ್ನು ಲ್ಯಾಪ್‌ಟಾಪ್ ಸಮೇತ ಕೂರಿಸಿ. ಯಾರ ಮಿಡಿ, ಯಾವ ಮರದ್ದು, ಹೇಗೆ ಹಾಕುತ್ತಾರೆ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಿ. ಬಂದವರು ಮನೆಗೆ ಹೋಗುವಾಗ ಸರ್ಟಿಫಿಕೇಟಿನ ಬದಲು ಅರ್ಜಿಯ ನಂಬರ್ ಒಯ್ಯಲಿ. ಲೇಬಲ್ ಆಮೇಲೆ ಮಾಡಿಸಿದರಾಯಿತು, ನನ್ನ ಪ್ರೆಸ್ಸಿನಲ್ಲೇ ಆಗಬೇಕೆಂದೇನೂ ಇಲ್ಲ.

— ಒಬ್ಬ ಮುದ್ರಕ, ಶಿರಸಿ